ಕಡಿದ ವೈರಿನ ರೇಡಿಯೊ

ಆ ಮಧ್ಯಾಹ್ನ ನನ್ನ ಕಿವಿಗೆ ಬಿದ್ದದ್ದು ನಿಜವಾಗಿ ಬಿದ್ದಿತ್ತೇ ಎಂದು ಯಾರಾದರೂ ಗಟ್ಟಿಸಿ ಕೇಳಿದರೆ, ಹೌದು ಎನ್ನಲು ಇವತ್ತಿಗೂ ಧೈರ್ಯವಿಲ್ಲ, ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಇಂಥ ಸಂಗತಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು; ಮದುವೆಮನೆಗಳಲ್ಲಿ ಕೂಡ ಅವರೊಡನೆ ಜಗಳಕ್ಕೆ ನಿಂತಿದ್ದೇನೆ. ಈಗ ಆ ಉರಿ ನನ್ನ ಮೇಲೆಯೇ. ವರ್ಷಗಳು ಕಳೆದಂತೆ ನೆನಪು ತನಗೆ ಬೇಕಾದದ್ದನ್ನು ಸೇರಿಸಿಕೊಳ್ಳುತ್ತದೆ ಎಂಬುದು ನನಗೂ ಗೊತ್ತು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿ. ಅಣ್ಣ ಈರಣ್ಣ ಖಾನಾಪುರದ ದನದ ದವಾಖಾನೆಯಲ್ಲಿ ಕಂಪೌಂಡರ್, ನಾನು ಅದೇ ಊರಿನ ಕಾಲೇಜಿನಲ್ಲಿ ಮೇಷ್ಟ್ರು. ಅವನ ಹಳೆಯ ಮೋಟಾರ್‌ಸೈಕಲ್ಲಿನ ಹಿಂದೆ ಕುಳಿತೇ ನನ್ನ ಓಡಾಟ. ಅಣ್ಣನಿಗೆ ಹಾಡಿನ ಹುಚ್ಚು. ಗಾಡಿಗೊಂದು ರೇಡಿಯೊ ಕೂರಿಸಿಕೊಡು ಎಂದು ತಿಂಗಳುಗಟ್ಟಲೆ ಬೆನ್ನುಹತ್ತಿದ. ಮನೆಯ ಟ್ರಾನ್ಸಿಸ್ಟರ್ ನಾಲ್ಕು ಸೆಲ್ಲಿನದು, ಅಂದರೆ ಆರು ವೋಲ್ಟು. ಗಾಡಿಯ ಬ್ಯಾಟರಿಯೂ ಆರೇ ವೋಲ್ಟು. ನಾನು ಒಪ್ಪಿಕೊಂಡೆ.

ಸೆಲ್ ಕೂರುವ ಗೂಡಿನಲ್ಲಿಯೇ ಎರಡು ವೈರು ಬೆಸೆದೆ. ಅದಾದ ಮೇಲೆ ಆ ಗೂಡಿನಲ್ಲಿ ಸೆಲ್ ಹಾಕಲು ಜಾಗವೇ ಉಳಿಯಲಿಲ್ಲ. ಪುಸ್ತಕದಲ್ಲಿ ಓದಿದಂತೆ ಮೈನಸ್ ವೈರನ್ನು ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ ಕೊಟ್ಟು, ಪ್ಲಸ್ ವೈರನ್ನು ಸೀಟಿನ ಕೆಳಗಿನ ಬ್ಯಾಟರಿಗೆ ಒಯ್ದೆ. ರೇಡಿಯೊ ಉಸಿರೆತ್ತಲಿಲ್ಲ. ಒಂದು ಭಾನುವಾರ ಪೂರ್ತಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಸಂಜೆ ನಮ್ಮ ಓಣಿಯ ಗಾಡಿ ರಿಪೇರಿಯ ಪರಶುರಾಮ ಮಿಸ್ತ್ರಿ ಬಂದು, ಬೀಡಿ ಬಾಯಲ್ಲಿಟ್ಟುಕೊಂಡೇ ಬಗ್ಗಿ ನೋಡಿದ.

“ಸರ್, ಹಳೇ ಗಾಡಿ ಐತ್ರಿ ಇದು. ಇದರಾಗ ಚಾಸಿಗೆ ಪ್ಲಸ್ ಇರತೈತಿ. ನಿಮ್ಮ ಪುಸ್ತಕ ಇದು ಓದಿಲ್ಲ ನೋಡ್ರಿ.”

ವೈರು ಅದಲುಬದಲು ಮಾಡಿದ್ದೇ ತಡ, ರೇಡಿಯೊ ಹಾಡತೊಡಗಿತು.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಅಣ್ಣ ಅದನ್ನು ಕಂಡಕಂಡವರಿಗೆ ಹೇಳಿದ. ಖಾನಾಪುರದ ಚಹಾದಂಗಡಿಯಲ್ಲಿ ನನ್ನ ವಿದ್ಯಾರ್ಥಿಗಳ ಎದುರಿಗೇ ಶುರುಮಾಡಿದ. “ನಮ್ಮ ತಮ್ಮ ಎಮ್ಮೆಸ್ಸಿ ರೀ. ಪ್ಲಸ್ ಯಾವುದು, ಮೈನಸ್ ಯಾವುದು ಅಂತ ಕಲಿಯಾಕ ಮಿಸ್ತ್ರಿ ಕಡೆ ಟ್ಯೂಶನ್ ಹಚ್ಚೇವಿ!” ಹುಡುಗರು ಚಹಾದ ಬಸಿ ಕೆಳಗಿಟ್ಟು ನಕ್ಕರು. ಆ ರಾತ್ರಿ ನಾನು ಅಣ್ಣನ ಜೊತೆ ಊಟಕ್ಕೆ ಕೂರಲಿಲ್ಲ.

ಮರುದಿನ ಇಬ್ಬರಿಗೂ ಮಧ್ಯಾಹ್ನದ ಕೆಲಸ. ಅಣ್ಣ ರೊಟ್ಟಿ ಮುರಿಯುತ್ತಿದ್ದಾಗ ನಾನು ಅಂಗಳಕ್ಕೆ ಹೋಗಿ ಸೀಟು ಎತ್ತಿದೆ. ಬ್ಯಾಟರಿಯಿಂದ ರೇಡಿಯೊಗೆ ಹೋಗುವ ವೈರನ್ನು ಇಕ್ಕಳದಿಂದ ಕಡಿದು, ಎರಡೂ ತುದಿಗಳಿಗೆ ಬೇರೆಬೇರೆಯಾಗಿ ಕಪ್ಪು ಟೇಪು ಸುತ್ತಿ, ಸೀಟು ಮುಚ್ಚಿದೆ. ಹಾಡು ಬಾರದೆ ದಾರಿಯುದ್ದಕ್ಕೂ ಪರದಾಡಲಿ ಎಂಬುದಷ್ಟೇ ನನ್ನ ಆಸೆ. ನಾನು ಬಸ್ಸಿಗೆ ಬರುತ್ತೇನೆ ಎಂದಾಗ ಅಣ್ಣ ಕಿಕ್ ಹೊಡೆಯುತ್ತ, “ಯಾಕೋ ತಮ್ಮಾ, ಪ್ಲಸ್ಸಿಗೆ ಸಿಟ್ಟು ಬಂತೇನು?” ಎಂದು ನಗುತ್ತ ಹೊರಟ.

ಮಧ್ಯಾಹ್ನ ಒಂದಾಗುವ ಹೊತ್ತಿಗೆ ನನ್ನ ಬಸ್ಸು ದೇಸೂರು ದಾಟಿ ಒಂದು ತಿರುವಿನಲ್ಲಿ ನಿಂತಿತು. ಮುಂದೆ ಲಾರಿಯೊಂದು ಅಡ್ಡಡ್ಡ ನಿಂತಿತ್ತು. ಇಳಿದು ನೋಡಿದರೆ ರಸ್ತೆ ಬದಿಯ ತೆಗ್ಗಿನಲ್ಲಿ ಅಣ್ಣನ ಗಾಡಿ. ಅಣ್ಣನನ್ನು ನಾಲ್ಕು ಜನ ಎತ್ತಿ ಜೀಪಿಗೆ ಹಾಕುತ್ತಿದ್ದರು. ಬಲಗಾಲು ಕಾಲಿನ ಹಾಗಿರಲಿಲ್ಲ. ಲಾರಿಯ ಡ್ರೈವರ್ ತಲೆಯ ಮೇಲೆ ಕೈಹೊತ್ತು ನಿಂತಿದ್ದ. ಆ ಗದ್ದಲದ ನಡುವೆ ಒಬ್ಬ ಹೆಂಗಸಿನ ಸಮಾಧಾನದ ದನಿ ಕೇಳುತ್ತಿತ್ತು. ಬೀಜದ ಭತ್ತವನ್ನು ಹೇಗೆ ಕಾಯ್ದಿಡಬೇಕು, ಅದರ ನಡುವೆ ಹಾಕುವ ಬೇವಿನೆಲೆ ಎಷ್ಟು ಒಣಗಿರಬೇಕು ಎಂದು ಅದು ಹೇಳುತ್ತಿತ್ತು. ದನಕ್ಕೆಂದು ಹುಲ್ಲು ಹೊತ್ತು ನಿಂತಿದ್ದ ಮುದುಕನೊಬ್ಬ ಚೀರಿದ.

“ಯಪ್ಪಾ, ಮೊದಲ ಆ ರೇಡಿಯೊ ಬಂದ್ ಮಾಡ್ರಿ! ಮನಶ್ಯಾ ಸಾಯಾಕತ್ತಾನ, ಅದು ಒದರಾಕತ್ತೈತಿ.”

ನಾನೇ ತೆಗ್ಗಿಗಿಳಿದು ರೇಡಿಯೊದ ಗುಂಡಿ ತಿರುಗಿಸಿದೆ. ಬೆರಳಿಗೆ ಟಕ್ಕೆಂದದ್ದು ತಿಳಿಯಿತು. ದನಿ ನಿಂತಿತು.

ಆಸ್ಪತ್ರೆಯಲ್ಲಿ ಕೈ ತೊಳೆಯುವಾಗ ಉಗುರಿನ ಸಂದಿಯಲ್ಲಿ ಟೇಪಿನ ಅಂಟು ಕಂಡಿತು. ವೈರು ಕಡಿದದ್ದು ನೆನಪಾದದ್ದು ಆಗ. ಆ ಅಂಟನ್ನು ಇನ್ನೊಂದು ಉಗುರಿನಿಂದ ಕೆರೆದು ತೆಗೆದೆ.

ಮೂರನೆಯ ದಿನ ಪೊಲೀಸ್ ಠಾಣೆಗೆ ಹೋಗಿ ಗಾಡಿ ನೋಡಿದೆ. ವೈರು ಕಡಿದೇ ಇತ್ತು. ಎರಡೂ ತುದಿಯ ಟೇಪು ನಾನು ಸುತ್ತಿದ ಹಾಗೆಯೇ ಇತ್ತು, ಕೊನೆ ಮಡಚಿದ್ದು ಕೂಡ ಹಾಗೆಯೇ. ಸೆಲ್ಲಿನ ಗೂಡು ಖಾಲಿ. ರೇಡಿಯೊದೊಳಗಿನ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಒಂದೆರಡು ಕ್ಷಣ ನುಡಿಸೀತು, ತಾಸುಗಟ್ಟಲೆ ಅಲ್ಲ. ಲಾರಿಯಲ್ಲಿ ರೇಡಿಯೊ ಇರಲಿಲ್ಲ, ಬಸ್ಸಿನಲ್ಲಿಯೂ ಇರಲಿಲ್ಲ. ತಿರುವಿಗೆ ಹೋಗಿ ಸುತ್ತೆಲ್ಲ ನಡೆದೆ, ಕೂಗಳತೆಯಲ್ಲಿ ಒಂದು ಮನೆಯಿಲ್ಲ. ಅಲ್ಲಿ ಸಿಕ್ಕವನೊಬ್ಬ, “ಆ ಜಾಗಾನ ಸರಿ ಇಲ್ರಿ” ಎಂದ. ಅವನ ಮೇಲೆ ಕೈ ಮಾಡುವುದೊಂದು ಬಾಕಿಯಿತ್ತು.

ಕೇಸು ಬೆಳಗಾವಿಯ ಕೋರ್ಟಿನಲ್ಲಿ ನಡೆಯಿತು. ಅಷ್ಟರಲ್ಲಿ ಅಣ್ಣನ ಕಾಲನ್ನು ಮೊಣಕಾಲಿನ ಮೇಲೆ ತೆಗೆದಿದ್ದರು. ಡ್ರೈವರ್ ಹೇಳಿದ್ದು ಇಷ್ಟು: “ಸಾಹೇಬರ, ಹಿಂದಿನಿಂದ ಮೂರು ಸಲ ಹಾರ್ನ್ ಹೊಡದೆ ರೀ. ರೇಡಿಯೊ ಹಚ್ಚಿದ್ದರು, ಕೇಳಸಲಿಲ್ಲ, ಸೀದಾ ನಡುವ ಬಂದರು. ನಾ ಇಳದು ಓಡಿ ಹೋದಾಗೂ ಅದು ಒದರಾಕತ್ತಿತ್ತು.” ತಪ್ಪು ಯಾರದು ಎಂಬುದು ಆ ರೇಡಿಯೊದ ಮೇಲೆಯೇ ನಿಂತಿತು. ಅಣ್ಣನ ಸಾಕ್ಷಿ ಅದಕ್ಕೂ ಮೊದಲೇ ಮುಗಿದಿತ್ತು, ಹುಲ್ಲು ಹೊತ್ತಿದ್ದ ಮುದುಕನನ್ನು ಯಾರೂ ಹುಡುಕಿ ತರಲಿಲ್ಲ.

ನನ್ನನ್ನು ಕಟಕಟೆಗೆ ಕರೆದರು. ರೇಡಿಯೊ ನುಡಿಯುತ್ತಿತ್ತೇ ಎಂದು ವಕೀಲರು ಕೇಳಿದರು. “ಅಂದು ಮಧ್ಯಾಹ್ನ ವೈರನ್ನು ನಾನೇ ಕಡಿದಿದ್ದೆ. ಅದು ನುಡಿಯುವುದು ಸಾಧ್ಯವಿರಲಿಲ್ಲ” ಎಂದೆ. ಠಾಣೆಯವರ ತಪಾಸಣೆಯೂ ಅದನ್ನೇ ಹೇಳುತ್ತಿತ್ತು. ನೀನು ಕೇಳಿದೆಯಾ ಎಂದು ಯಾರೂ ಕೇಳಲಿಲ್ಲ. ನಾನಾಗಿ ಹೇಳಲಿಲ್ಲ. ಡ್ರೈವರ್ ಮಾತ್ರ ನನ್ನತ್ತ ಬೆರಳು ಮಾಡಿ, “ಇವರ ರೀ! ಗುಂಡಿ ತಿರುಗಿಸಿ ಬಂದ್ ಮಾಡಿದವರು ಇವರ ರೀ!” ಎಂದು ಕೂಗಿದ. ಅವನನ್ನು ಗದರಿಸಿ ಕೂರಿಸಿದರು. ಎಂ.ಎಸ್ಸಿ. ಮೇಷ್ಟ್ರ ಮಾತಿನ ಮುಂದೆ ಡ್ರೈವರನ ಮಾತು ನಿಲ್ಲುವುದುಂಟೆ? ಅವನಿಗೆ ಆರು ತಿಂಗಳ ಸಜೆಯಾಯಿತು. ಅವನ ಹೆಂಡತಿ ವರಾಂಡದಲ್ಲಿ ಅಳುತ್ತ ಕೂತಿದ್ದಳು. ನಾನು ಅವಳನ್ನು ಸುತ್ತುಹಾಕಿ ಹೊರಗೆ ಬಂದೆ.

ಮೆಟ್ಟಿಲ ಕೆಳಗೆ ಅಣ್ಣ ಊರುಗೋಲಿನ ಮೇಲೆ ಭಾರ ಹಾಕಿ ಕಾಯುತ್ತಿದ್ದ. ವೈರಿನ ಸಂಗತಿ ಅವನಿಗೆ ಗೊತ್ತಾದದ್ದೇ ಅಂದು. ಬೈದಾನೆಂದು ನಿಂತೆ. ಅವನು ಮೆಲ್ಲಗೆ ಕೇಳಿದ.

“ಖರೇ ಕಡದಿದ್ದಿ ಏನು? ಮತ್ತ ಮಚ್ಛೆ ಊರು ದಾಟಿದ ಮ್ಯಾಲೆ ನಾ ಏನ್ ಕೇಳಕೋಂತ ಹೊಂಟಿದ್ನೋ ತಮ್ಮಾ?”

ಹುಟ್ಟಿದಾಗಿನಿಂದ ಅವನು ನನ್ನನ್ನು ಕಾಡಿಸಿಕೊಂಡೇ ಬಂದವನು. ಅಂದೂ ಕಾಡಿಸಲೆಂದೇ ಹೇಳಿದನೋ ಏನೋ, ಮುಖದಲ್ಲಿ ತಿಳಿಯಲಿಲ್ಲ. ತಮಾಷೆ ಸಾಕು ಎಂದು ರಸ್ತೆಯಲ್ಲೇ ಕಿರುಚಿದೆ. ಜನ ನಿಂತು ನೋಡಿದರು. ಆಮೇಲೆ ಅಣ್ಣ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಉಳಿದ ದಾರಿ ಒಂದೇ. ನನ್ನ ಕಿವಿಯೇ ಸುಳ್ಳು ಹೇಳಿತ್ತು ಎಂದು ಸಾಬೀತಾದರೆ ನಾನು ಕೋರ್ಟಿನಲ್ಲಿ ಆಡಿದ್ದು ಪೂರ್ತಿ ನಿಜವಾಗುತ್ತಿತ್ತು. ಅಂಥ ಭಾಷಣವೇ ಅಂದು ಇರಲಿಲ್ಲ ಎಂಬ ಉತ್ತರ ಬರಲಿ ಎಂದು ಹರಕೆ ಹೊರುವವನಂತೆ ಬೇಡಿಕೊಂಡು ರೇಡಿಯೊ ನಿಲಯಕ್ಕೆ, ಉತ್ತರದ ಕಾರ್ಡೂ ಅಂಟಿಕೊಂಡಿರುವ ಒಂದು ಜೋಡು ಕಾರ್ಡು ಬರೆದೆ. ಡ್ರೈವರ್ ಇನ್ನೂ ಜೈಲಿನೊಳಗಿದ್ದಾಗಲೇ ಉತ್ತರ ಬಂತು. ನಾನು ಕೇಳಿದ ದಿನ, ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಇರುವಾಗ, ಬೀಜದ ಭತ್ತ ಕಾಯ್ದಿಡುವ ಬಗ್ಗೆ ಮಹಿಳೆಯೊಬ್ಬರ ಭಾಷಣ ಪ್ರಸಾರವಾಗಿತ್ತು.