ಹತ್ತಿ ಆರುವ ಕೆಂಪು ದೀಪ

ಮಗಳು ಹಳೇ ಪಿಕಪ್ ಒಂದನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದಾಗ ಫ್ಯೂಸಣ್ಣ ಬೇರೊಂದು ಗಾಡಿಯ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿದ್ದ. ಮನೆಯವರು ಇಟ್ಟ ಹೆಸರು ಬೇರೆ. ಮೂವತ್ತು ವರ್ಷ ಗಾಡಿಗಳ ವೈರಿಂಗ್ ಮಾಡಿ ಮಾಡಿ ಆ ಹೆಸರು ಮೂಲೆ ಸೇರಿತ್ತು. ವೈರಿನ ವಿಷಯದಲ್ಲಿ ಎತ್ತಿದ ಕೈ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಬೇರೆಯವರು ಹೇಳುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ.

ಅವನ ಒಂದು ಕೈಚಳಕಕ್ಕೆ ದೂರದೂರದಿಂದ ಗಿರಾಕಿಗಳು ಬರುತ್ತಿದ್ದರು. ವಯಸ್ಸಾದ ಪಿಕಪ್ಪುಗಳಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿದ್ದು ಆರುವುದೇ ಇಲ್ಲ. ಸ್ಟಿಯರಿಂಗಿನ ಒಳಗೆ ಬ್ಯಾಗಿಗೆ ಕರೆಂಟು ಒಯ್ಯುವ ವೈರಿನ ಸುರುಳಿ ತುಂಡಾಗಿದೆ, ಇನ್ನು ಗುದ್ದಿದರೂ ಬ್ಯಾಗು ಬಿಚ್ಚಿಕೊಳ್ಳುವುದಿಲ್ಲ ಅಂತ ದೀಪ ಹೇಳುತ್ತಿರುತ್ತದೆ. ಹೊಸ ಸುರುಳಿ ತರಿಸಲು ತಿಂಗಳು ಬೇಕು, ಗಿರಾಕಿಗೆ ನಾಳೆಯೇ ಗಾಡಿಯ ತಪಾಸಣೆ. "ದೀಪ ಒಂದು ಆರೋ ಹಾಗೆ ಮಾಡಿಕೊಡಣ್ಣ, ಸಾಕು" ಎನ್ನುತ್ತಿದ್ದರು. ಬಲ್ಬು ಕಿತ್ತುಹಾಕುವ ಹಾಗಿಲ್ಲ, ತಪಾಸಣೆಯವನು ಹಿಡಿಯುತ್ತಾನೆ. ಕೀ ತಿರುಗಿಸಿದಾಗ ದೀಪ ಒಮ್ಮೆ ಹತ್ತಲೇಬೇಕು, ಆಮೇಲೆ ಆರಬೇಕು. ಫ್ಯೂಸಣ್ಣ ಅದರ ವೈರನ್ನು ಪಕ್ಕದ ಆಯಿಲ್ ದೀಪದ ವೈರಿಗೆ ಕೂಡಿಸಿಬಿಡುತ್ತಿದ್ದ. ಕೀ ತಿರುಗಿಸಿದರೆ ಎರಡೂ ಹತ್ತುವವು, ಇಂಜಿನ್ ಸ್ಟಾರ್ಟ್ ಆದೊಡನೆ ಎರಡೂ ಆರುವವು. ಬ್ಯಾಗು ಸತ್ತಿದ್ದರೂ ದೀಪ ಗಟ್ಟಿಮುಟ್ಟು. ಗಾಡಿಯವನಿಗೆ ಗೊತ್ತಿದೆಯಲ್ಲ, ತನಗೇನಾಗಬೇಕು ಎಂದುಕೊಳ್ಳುತ್ತಿದ್ದ. ಗಾಡಿಗಳು ಕೈ ಬದಲಾಯಿಸುತ್ತವೆ ಎನ್ನುವುದು ದಿನವೂ ಅವುಗಳ ನಡುವೆಯೇ ಇರುವವನಿಗೆ ಹೊಳೆಯಲಿಲ್ಲ ಅಂದರೆ ನಾವು ನಂಬಬೇಕು.

ಮಗಳು, ಅಳಿಯ ಇಬ್ಬರದೂ ಗಿಡಗಳ ನರ್ಸರಿ. ಗಿಡ ಬೆಳೆಸುವುದು ಅಳಿಯ, ಅವುಗಳನ್ನು ಇಳಿಜಾರಿನ ದಾರಿಯಲ್ಲಿ ಪೇಟೆಗೆ ಸಾಗಿಸುವುದು ಮಗಳು.

"ಏರ್‌ಬ್ಯಾಗ್ ಇರೋದೇ ಬೇಕು ಅಂತ ಮೂರು ತಿಂಗಳು ಹುಡುಕಿ ಇದನ್ನ ತಗೊಂಡೆ ಮಾವ," ಎಂದ ಅವಳ ಜೊತೆ ಬಂದಿದ್ದ ಅಳಿಯ. "ಹೋದ ವರ್ಷ ಇವಳು ಕಂಬಕ್ಕೆ ಗುದ್ದಿ ಪಕ್ಕೆಲುಬು ಮುರ್ಕೊಂಡಾಗಿಂದ ನಂಗೆ ನೆಮ್ಮದೀನೇ ಇಲ್ಲ."

"ಗುದ್ದಿದ್ದು ನಾನಲ್ಲ, ಆ ಹಳೇ ಗಾಡಿ ಬ್ರೇಕು," ಎಂದಳು ಮಗಳು. "ನಾಳೆ ಬೆಳಿಗ್ಗೆ ಇದರಲ್ಲಿ ಮೊದಲ ಲೋಡು. ನೀನೊಂದ್ಸಲ ನೋಡಿ ಸರಿ ಇದೆ ಅಂದ್ಬಿಡಪ್ಪ."

ಫ್ಯೂಸಣ್ಣ ಕೂತು ಕೀ ತಿರುಗಿಸಿದ. ದೀಪಗಳೆಲ್ಲ ಹತ್ತಿದವು. ಚೆನ್ನಾಗಿರುವ ಗಾಡಿಯಲ್ಲಿ ಏರ್‌ಬ್ಯಾಗಿನ ದೀಪ ಇಂಜಿನ್ನಿಗಾಗಿ ಕಾಯುವುದಿಲ್ಲ, ಆರೇಳು ಸೆಕೆಂಡಿಗೆ ತಾನಾಗಿ ಆರುತ್ತದೆ. ಇದು ಆರಲಿಲ್ಲ. ಹತ್ತಾಯಿತು, ಇಪ್ಪತ್ತಾಯಿತು. ಸ್ಟಾರ್ಟ್ ಮಾಡಿದ. ಆಯಿಲ್ ದೀಪವೂ ಅದೂ ಒಂದೇ ಏಟಿಗೆ ಆರಿದವು.

"ನೋಡಿದ್ರಾ, ಪಕ್ಕಾ ಇದೆ," ಎಂದ ಅಳಿಯ.

ಎರಡೂ ಒಟ್ಟಿಗೆ ಯಾಕೆ ಆರಿದವೆಂದು ಫ್ಯೂಸಣ್ಣನಿಗೆ ಗೊತ್ತಿತ್ತು. ಬೇರೆ ಯಾರೋ ಮಾಡಿರಬಹುದು, ಈ ಕಸುಬಿನಲ್ಲಿ ತಾನೊಬ್ಬನೇ ಇದ್ದೇನೆಯೇ ಎಂದು ಸಮಾಧಾನ ಹೇಳಿಕೊಳ್ಳುತ್ತ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತೂರಿದ. ಎರಡು ವೈರು ಕೂಡಿದ ಕಡೆ ಸುತ್ತಿದ ಕರಿ ಟೇಪಿನ ತುದಿಯನ್ನು ಒಳಕ್ಕೆ ಮಡಚಿಟ್ಟಿತ್ತು. ಮುಂದೆ ಬಿಚ್ಚುವವನ ಉಗುರಿಗೆ ಸುಲಭವಾಗಿ ಸಿಗಲಿ ಎಂದು ಹಾಗೆ ಮಡಚುವವನು ಅವನೊಬ್ಬನೇ. ಅದು ಅವನದೇ ಕೆಲಸ.

ಆಯಿಲ್ ಪಂಪ್ ಕೆಟ್ಟಿದೆ ಅಂತ ಹೇಳಿ ಗಾಡಿ ಇಲ್ಲೇ ಇಟ್ಟುಕೊಂಡರೆ? ಸುರುಳಿ ತರಿಸಿ ಸದ್ದಿಲ್ಲದೆ ಹಾಕಿದರೆ ನರಪಿಳ್ಳೆಗೂ ತಿಳಿಯುವುದಿಲ್ಲ. ಆದರೆ ಅಳಿಯ ಗಡಿಬಿಡಿಯ ಮನುಷ್ಯ, ಪಂಪ್ ಬೇರೆ ಕಡೆ ಹಾಕಿಸಿ ನಾಳೆಯೇ ಲೋಡು ಕಳಿಸಿದರೂ ಕಳಿಸಿಯಾನು. ಬಾಗಿಲ ಬಳಿ ಮಗಳ ಪಾದ ಮಾತ್ರ ಕಾಣುತ್ತಿತ್ತು. ಅದೇ ಪಾದ ನಾಳೆ ಇಳಿಜಾರಿನಲ್ಲಿ ಬ್ರೇಕಿನ ಮೇಲಿರುತ್ತದೆ.

"ಅಪ್ಪ, ಒಳಗೇ ನಿದ್ದೆ ಹೋದ್ಯಾ?"

ಹೊರಗೆ ಬಂದು ಹೇಳಿಬಿಟ್ಟ. ಬ್ಯಾಗು ಕೆಲಸ ಮಾಡೋದಿಲ್ಲ, ದೀಪ ಸುಳ್ಳು, ಸುಳ್ಳು ಹೇಳೋದು ಕಲಿಸಿದ್ದು ನಾನೇ, ಎಂದ. ಮಾವನನ್ನು ಬಯ್ಯುವುದು ಹೇಗೆಂದು ಅಳಿಯನಿಗೆ ಗೊತ್ತಿರಲಿಲ್ಲ, ಪಾಪ. ಮಗಳು ಬಾನೆಟ್ಟಿಗೆ ಒರಗಿ ನಿಂತಳು.

"ಇಂಥವು ಎಷ್ಟು ಗಾಡಿ ಮಾಡಿದ್ದೀಯ?"

"ಯಾರಿಟ್ಟಿದಾರೆ ಲೆಕ್ಕ."

"ಒಂದೂ ನೆನಪಿಲ್ವಾ?"

ಮರದ ಮಿಲ್ಲಿನವನ ನೀಲಿ ಪಿಕಪ್ ನೆನಪಿತ್ತು. ಮಗಳು ಬೆಂಚಿನ ಮೇಲಿದ್ದ ಅವನ ಫೋನನ್ನು ಕೈಗೆ ಕೊಟ್ಟಳು. ಬೆರಳು ಎರಡು ಸಲ ತಪ್ಪು ನಂಬರ್ ಒತ್ತಿತು. ಮೂರನೇ ಸಲ ಮಿಲ್ಲಿನವನು ಸಿಕ್ಕಿದ.

"ನಿಮ್ಮ ನೀಲಿ ಗಾಡೀನ ಇವತ್ತೇ ತಗೊಂಡು ಬನ್ನಿ," ಎಂದ ಫ್ಯೂಸಣ್ಣ. "ನಂದೊಂದು ಕೆಲಸ ತಪ್ಪಾಗಿದೆ."

"ಅಯ್ಯೋ, ಅದನ್ನ ಮಾರಿ ಆರು ತಿಂಗಳಾಯ್ತಲ್ಲ ಫ್ಯೂಸಣ್ಣ. ನಿಮ್ಮ ಕೈಗುಣ ನೋಡಿ, ದೀಪ ಹತ್ತಿ ಆರಿದ್ದು ಕಂಡಿದ್ದೇ ತಡ, ಅಲ್ಲೇ ಒಪ್ಕೊಂಡ್ರು."

"ಯಾರು? ನಂಬರ್ ಇದೆಯಾ?"

"ಯಾರೋ ಗಂಡ ಹೆಂಡ್ತಿ. ನಂಬರೆಲ್ಲ ಎಲ್ಲಿ ಇಟ್ಕೊಳ್ಳಲಿ? ಎರಡು ಸಣ್ಣ ಮಕ್ಕಳನ್ನ ಮುಂದೇನೇ ಮಧ್ಯ ಕೂರಿಸ್ಕೊಂಡು ಖುಷಿಯಾಗಿ ಹೊರಟುಹೋದ್ರು."