ಪಾಳಿ ಹೇಳುವ ಮೊಬೈಲು

ಚಿಕ್ಕಪಡಸಲಗಿ ಬ್ಯಾರೇಜಿನ ನೀರನ್ನು ನಮ್ಮ ಹೊಲಗಳಿಗೆ ಎತ್ತುವ ಸಂಘದಲ್ಲಿ ನಾನು ಹದಿನೆಂಟು ವರ್ಷ ಪಾಳಿ ಬರೆದೆ. ಯಾರ ಹೊಲಕ್ಕೆ ಯಾವ ದಿನ, ಎಷ್ಟು ತಾಸು ನೀರು ಎಂಬುದು ನನ್ನ ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಇಲ್ಲದ್ದು ನನ್ನ ತಲೆಯಲ್ಲಿತ್ತು. ಎಸ್ಸೆಸ್ಸೆಲ್ಸಿಗೆ ಸಾಲೆ ಬಿಟ್ಟ ನನಗೆ ಊರಲ್ಲಿ ಮರ್ಯಾದೆ ಸಿಕ್ಕಿದ್ದು ತಲೆಯಲ್ಲಿದ್ದದ್ದರಿಂದ.

ಪಕ್ಕದ ಮನೆಯ ಸೊಸೆ ಜಮಖಂಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಪಾಳಿಯನ್ನು ಮೊಬೈಲಿನಲ್ಲೇ ನೋಡುವಂತೆ ಮಾಡಿಕೊಡಲು ಸಂಘ ಅವಳನ್ನು ಕೇಳಿತು. ರವಿವಾರಗಳಂದು ಅವಳು ನಮ್ಮ ಕಟ್ಟೆಯ ಮೇಲೆ ಕುಳಿತು ನಿಯಮಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದಳು. ಎಲ್ಲರ ಪಾಳಿಯನ್ನೂ ಇಟ್ಟುಕೊಂಡು ಮೊಬೈಲುಗಳಿಗೆ ಉತ್ತರ ಕೊಡುವ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆಂದು ತಿಳಿದದ್ದು ಅವಳಿಂದಲೇ.

"ಮೊಬೈಲಿಗೊಬ್ರು, ಸರ್ವರಿಗೊಬ್ರು ಬೇಕಲ್ಲಬೇ ಯವ್ವಾ? ಒಬ್ಬಾಕಿ ಹೆಂಗ ಮಾಡ್ತಿ?" ಎಂದು ಕೇಳಿದೆ.

"ಎರಡಕ್ಕೂ ಒಂದ ಭಾಷಾರಿ ಕಾಕಾ, ಜಾವಾಸ್ಕ್ರಿಪ್ಟ್ ಅಂತ. ನಿಯಮ ಒಮ್ಮೆ ಬರದ್ರ ಎರಡೂ ಕಡೆ ಅದ ನಡೀತೈತಿ. ಎರಡು ಭಾಷಾದಾಗ ಎರಡು ಸಲ ಬರದ್ರ ಒಂದ ಕಡೆ ತಿದ್ದಿ ಇನ್ನೊಂದ ಕಡೆ ಮರೀತೀವಿ. ಆಮ್ಯಾಲ ಮೊಬೈಲ್ ಒಂದು ಹೇಳೂದು, ಸರ್ವರ್ ಇನ್ನೊಂದು ಹೇಳೂದು."

"ಹಂಗಾರ ನನಗೇನು ಕೆಲಸ ಉಳೀತು?"

"ಆರಾಮ ಚಾ ಕುಡಕೋತ ಕುಂಡ್ರಿ" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ಎದೆಯಲ್ಲಿ ಕುಳಿತುಬಿಟ್ಟಿತು.

ಕೊನೆಯ ರವಿವಾರ ಕೇಳಿದಳು: "ಇನ್ನೇನರ ಉಳದೈತೇನ್ರಿ?"

ಒಂದು ಉಳಿದಿತ್ತು. ಪಾಳಿಯ ನಡುವೆ ಕರೆಂಟ್ ಹೋದರೆ ಉಳಿದ ತಾಸುಗಳು ಅದೇ ರೈತನಿಗೆ ಮರುದಿನ ಸಿಗಬೇಕು. ಸಂಘ ಕಟ್ಟಿದ ದಿನವೇ ಹಿರಿಯರು ನನಗೆ ಹೇಳಿದ್ದ ನಿಯಮ ಅದು. ನಾನು ಅದನ್ನು ಎಲ್ಲೂ ಬರೆದಿರಲಿಲ್ಲ. ಜನ ನನ್ನ ಬಳಿ ಬಂದು ಕೇಳುತ್ತಿದ್ದರು, ನಾನು ಕೊಡುತ್ತಿದ್ದೆ. ಅದು ನನ್ನ ದೊಡ್ಡತನವೆಂದೇ ಅವರು ತಿಳಿದಿದ್ದರು.

"ಇಲ್ಲವ್ವಾ, ಎಲ್ಲಾ ಆತು" ಎಂದೆ.

ತಿಂಗಳೊಪ್ಪತ್ತು ಎಲ್ಲ ಸರಿಯಾಗಿ ನಡೆಯಿತು. ಮೊಬೈಲಿಗೂ ಸರ್ವರಿಗೂ ತಾಳೆ ತಪ್ಪಲಿಲ್ಲ. ಆಮೇಲೆ ಕಾಲುವೆಯ ತುದಿಯ ರೈತನೊಬ್ಬನ ಪಾಳಿಯಲ್ಲಿ ಕರೆಂಟ್ ಹೋಯಿತು. ಹೊಸದಾಗಿ ನಾಟಿದ ಅರಿಷಿಣ ಒಣಗತೊಡಗಿತ್ತು. ಅವನು ಸಂಘದ ಸಭೆಗೆ ಮೊಬೈಲ್ ಹಿಡಿದುಕೊಂಡೇ ಬಂದ.

"ಕರೆಂಟ್ ಹೋಗಿ ಹೊಲಕ್ಕ ಹನಿ ನೀರಿಲ್ಲ, ಇದು ನೋಡಿದ್ರ ಪಾಳಿ ಮುಗೀತು ಅಂತೈತಿ!"

ಸಭೆಗೆ ಬಂದಿದ್ದ ಅವಳು ಲ್ಯಾಪ್‌ಟಾಪ್ ತೆರೆದು ಸರ್ವರ್ ನೋಡಿದಳು. "ಅದೂ ಮುಗೀತು ಅಂತೈತ್ರಿ."

"ಹಂಗ ಅನ್ನದ ಇನ್ನೇನ ಮಾಡೀತು? ಎರಡೂ ನಿನ್ನ ಬಾಯಿಂದನ ಮಾತಾಡ್ತಾವ" ಎಂದರು ಅಧ್ಯಕ್ಷರು. ಸಭೆ ನಕ್ಕಿತು.

ಅವಳು ನನ್ನ ಕಡೆ ತಿರುಗಿದಳು. "ಕಾಕಾ, ಕರೆಂಟ್ ಹೋದ್ರ ಏನ ಮಾಡ್ತಿದ್ರಿ? ನೀವು ಇದನ್ನ ಹೇಳಿದ್ದಿಲ್ಲಲ್ಲರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಹೇಳಿದ್ದೆ. ಬರಕೊಳ್ಳಾಕ ಮರತಿರಬೇಕು" ಎಂದೆ.

ಅವಳು ನನ್ನ ಮುಖ ನೋಡಿದಳು. ಅಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಏನೋ ಬರೆದು, "ಒಂದ ಕಡೆ ತಿದ್ದೇನ್ರಿ, ಎರಡೂ ಕಡೆ ಸರಿ ಆತು. ನೋಡ್ರಿ" ಎಂದು ಮೊಬೈಲನ್ನು ಮುಂದೆ ಹಿಡಿದಳು. ಯಾರೂ ಕೈ ಚಾಚಲಿಲ್ಲ. ಅಧ್ಯಕ್ಷರು ನನ್ನ ಹಳೆಯ ಪುಸ್ತಕವನ್ನು ತರಿಸಿದರು.

ಮರುದಿನ ಆ ರೈತನಿಗೆ ನೀರು ಬಿಟ್ಟೆ. "ನೀವಿದ್ದದ್ದಕ್ಕ ಆತ್ರಿ ಕಾಕಾ, ಇಲ್ಲಂದ್ರ ಆ ಹುಡುಗಿ ನಮ್ಮನ್ನ ಮುಳಗಸ್ತಿದ್ಲು" ಎಂದು ಅವನು ನನಗೆ ಚಾ ಕುಡಿಸಿದ. ನಾನು ಬೇಡವೆನ್ನಲಿಲ್ಲ. ಅವಳು ಕಟ್ಟೆಗೆ ಮತ್ತೆ ಬರಲಿಲ್ಲ. ಊರಿನಲ್ಲಿ ಇನ್ನಾರೂ ಅವಳಿಗೆ ಇಂಥ ಕೆಲಸ ಹೇಳಲಿಲ್ಲ. ಎದುರು ಸಿಕ್ಕಾಗಲೆಲ್ಲ "ಆರಾಮ ಅದೀರೇನ್ರಿ?" ಎಂದು ಕೇಳುತ್ತಾಳೆ. ನಾನು "ಹೂಂ" ಎಂದು ಮುಂದೆ ಹೋಗುತ್ತೇನೆ.

ಸಭೆಯಲ್ಲಿ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳು ಏನನ್ನೂ ಮರೆತಿರಲಿಲ್ಲ.