ಈರುಳ್ಳಿಯಲ್ಲಿ ಇಲ್ಲದ ಚುಕ್ಕೆ

ಮೇಡಂ ಅವರ ಬಲಗೈ ಹೆಬ್ಬೆರಳು ವರ್ಷವಿಡೀ ಕೆಂಪಗಿರುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಲು ಕೆಂಪು ಬಣ್ಣ ಹಾಕಿದ ಈರುಳ್ಳಿ ಬೇರನ್ನು ಗಾಜಿನ ಮೇಲಿಟ್ಟು ಆ ಬೆರಳಿನಿಂದಲೇ ಒತ್ತುತ್ತಿದ್ದರು. ಐವತ್ತರ ದಶಕದ ರಾಜಾಜಿನಗರದಲ್ಲಿ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಅವರದು ನಮ್ಮ ಎದುರುಮನೆ. ಸೊಪ್ಪಿನಾಕೆ ಆ ಬೆರಳು ನೋಡಿ, "ಒಂದೇ ಬೆರಳಿಗೆ ಗೋರಂಟಿ ಹಾಕ್ಕಂಡಿದೀರಲ್ಲವ್ವಾ" ಎಂದು ನಗುತ್ತಿದ್ದಳು. "ಮಿಕ್ಕಿದ್ದಕ್ಕೆ ಪುರುಸೊತ್ತಿಲ್ಲ ಕಣಮ್ಮ" ಎನ್ನುವರು. ಮದುವೆ ಮಾತೆತ್ತಿದವರಿಗೂ ಅದೇ ಉತ್ತರ.

ನಾನು ಓದುತ್ತಿದ್ದ ಕಾಲೇಜಿನಲ್ಲೇ ಅವರು ಜೀವಶಾಸ್ತ್ರ ಕಲಿಸುತ್ತಿದ್ದರು. ಈರುಳ್ಳಿ ಬೇರಿನ ಜೀವಕೋಶ ಎರಡಾಗುವುದನ್ನು ನೋಡಿ ಚಿತ್ರ ಬರೆಯಿರಿ ಎಂದರೆ, ನಾವೆಲ್ಲ ಜಾಣರ ಹಾಗೆ ಎರಡು ತುದಿಗೂ ಒಂದೊಂದು ಚುಕ್ಕೆ ಇಟ್ಟುಬಿಡುತ್ತಿದ್ದೆವು. ಸೆಂಟ್ರೋಸೋಮ್ ಎಂಬ ಆ ಚುಕ್ಕೆ ಪ್ರಾಣಿಗಳ ಕೋಶದಲ್ಲುಂಟು, ಈರುಳ್ಳಿಯಲ್ಲಿಲ್ಲ.

"ಇದನ್ನ ಎಲ್ಲಿ ನೋಡ್ದೆ?"

"ಪುಸ್ತಕದಲ್ಲಿ, ಮೇಡಂ."

"ಪುಸ್ತಕ ನೋಡಿ ಬರೆಯೋದಾದ್ರೆ ಮೈಕ್ರೋಸ್ಕೋಪ್ ಯಾಕೆ? ಅಳಿಸು. ಕಂಡಷ್ಟೇ ಬರಿ."

ಆದರೆ ಅವರ ಜೀವವೆಲ್ಲ ಇದ್ದದ್ದು ಆ ಚುಕ್ಕೆಯಲ್ಲೇ. ಕೋಶ ಒಡೆಯುವ ಮುಂಚೆ ಚುಕ್ಕೆ ಎರಡಾಗುತ್ತದೆ, ಎರಡೂ ಉಬ್ಬುತ್ತವೆ, ಎದುರುಬದುರು ನಿಂತು ವರ್ಣತಂತುಗಳನ್ನು ಸಮಪಾಲಾಗಿ ಎಳೆದುಕೊಳ್ಳುತ್ತವೆ. "ಇಡ್ಲಿ ಹಿಟ್ಟು ಯಾಕೆ ಉಬ್ಬುತ್ತೆ ಅಂತ ನಿಮ್ಮಮ್ಮನೂ ಹೇಳ್ತಾರೆ. ಇದಕ್ಕೆ ಹೊತ್ತಾಯ್ತು ಅಂತ ಯಾರು ಹೇಳ್ತಾರೆ? ಎರಡು ಸಾಕು ಅಂತ ಯಾರು ತಡೀತಾರೆ? ನಂಗೂ ಗೊತ್ತಿಲ್ಲ ಕಣೇ." ಮೂರಾದರೆ ಪಾಲು ತಪ್ಪುತ್ತದೆ, ಅಂಥದ್ದು ಕ್ಯಾನ್ಸರಿನಂಥ ಕೆಟ್ಟ ಗಡ್ಡೆಗಳಲ್ಲಿ ಕಾಣುತ್ತದೆ ಎಂದೂ ಅವರೇ ಹೇಳಿದ್ದರು.

ಆ ವರ್ಷ ಅವರ ಎದೆಯಲ್ಲಿ ಗಡ್ಡೆಯಾಯಿತು. ಆಪರೇಷನ್ ಆಗಿ ಮನೆಗೆ ಬಂದಾಗ ನಮ್ಮಮ್ಮ, "ಎಲ್ಲಾ ತೆಗೆದುಬಿಟ್ರಂತೆ, ಇನ್ನೇನೂ ಭಯ ಇಲ್ಲ" ಎಂದರು. ನಾನೂ ನಂಬಿದೆ, ನಂಬಬೇಕಿತ್ತು. ಮೇಡಂ ಮಾತ್ರ ಡಾಕ್ಟರನ್ನು ಕಾಡಿ ಆ ಗಡ್ಡೆಯ ಒಂದು ಚೂರು ಕೇಳಿ ತಂದರು. ಚುಕ್ಕೆಗೂ ಹತ್ತುವಂಥ ಕಪ್ಪು ಬಣ್ಣ ಹಾಕಿ, ಕಾಲೇಜಿನಲ್ಲಿ ತಾವೇ ಸ್ಲೈಡ್ ಮಾಡಿದರು. ಒಂದು ಮಧ್ಯಾಹ್ನ ಪಾಠ ಮುಗಿದ ಮೇಲೆ ನನ್ನನ್ನು ಕರೆದರು.

"ನೋಡು. ಏನಿದೆ?"

ನೋಡಿದೆ. ವರ್ಣತಂತುಗಳ ಎಳೆಗಳು ಮೂರು ದಿಕ್ಕಿಗೆ ಹೊರಟಿದ್ದವು, ಒಂದೊಂದು ತುದಿಗೂ ಒಂದು ಕಪ್ಪು ಚುಕ್ಕೆ. ಎರಡು ಎಂದುಬಿಡೋಣ ಅನ್ನಿಸಿತು. ಆದರೆ ಅವರ ಮುಂದೆ ಕಾಣದ್ದನ್ನು ಹೇಳುವ ಅಭ್ಯಾಸವೇ ತಪ್ಪಿಹೋಗಿತ್ತು.

"ಮೂರು, ಮೇಡಂ."

"ನಂಗೂ ಮೂರೇ ಕಂಡಿದ್ದು. ನನ್ನ ಕಣ್ಣೇ ಸರಿ ಇಲ್ಲವೇನೋ ಅಂದ್ಕೊಂಡೆ." ಕಾಗದ, ಪೆನ್ಸಿಲ್ ನನ್ನ ಮುಂದೆ ಸರಿಸಿದರು. "ಬರೆದುಕೊಡು. ಈ ಸಲ ಚುಕ್ಕೆ ಇಡು."

ಎರಡು ಚುಕ್ಕೆ ಇಟ್ಟೆ. ಮೂರನೆಯದಕ್ಕೆ ಒತ್ತಿದಾಗ ಪೆನ್ಸಿಲ್ ಮೊನೆ ಮುರಿಯಿತು. ಮೇಡಂ ಅದನ್ನು ತೆಗೆದುಕೊಂಡು, ಬ್ಲೇಡಿನಿಂದ ನಿಧಾನವಾಗಿ ಹೆರೆದು, ನನ್ನ ಕೈಗೆ ಕೊಟ್ಟರು.

ಗೌರಿಹಬ್ಬದ ಹೊತ್ತಿಗೆ ಅವರಿರಲಿಲ್ಲ. ಮುಂದೆ ನಾನೂ ಅದೇ ಪಾಠ ಮಾಡಿದೆ. ಈರುಳ್ಳಿ ಬೇರಿನ ಚಿತ್ರಕ್ಕೆ ಹುಡುಗಿಯರು ಚುಕ್ಕೆ ಇಟ್ಟು ತಂದಾಗಲೆಲ್ಲ "ಅಳಿಸು" ಎನ್ನಬೇಕಿತ್ತು. ಅಷ್ಟು ಹೇಳಿ, ಹುಡುಗಿಯ ಪೆನ್ಸಿಲ್ ತೆಗೆದುಕೊಂಡು, ಬ್ಲೇಡಿನಿಂದ ನಾನೇ ಹೆರೆದು ಕೊಡುತ್ತಿದ್ದೆ.